ತಗಡಿನ ಮನೆಯೂ ಹುಳುವಿನ ಮನೆಯೂ

ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋಗುವ ಜನಸಾಗರದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಯ ರೈತರೂ ಶಾಲಾ ಮಕ್ಕಳೂ ಇರುತ್ತಾರೆ. ಸಾಲಿನಲ್ಲಿ ನಿಂತು, ನೂಕುನುಗ್ಗಲಿನಲ್ಲಿ ಗಾಜಿನ ಮನೆಯೊಳಗೆ ಸಾಗಿ, ಹೂವಿನಲ್ಲಿ ಕಟ್ಟಿದ ಪ್ರತಿಕೃತಿಗಳನ್ನು ನೋಡಿ, ಇನ್ನೊಂದು ಬಾಗಿಲಿನಿಂದ ಹೊರಬರುತ್ತಾರೆ. ಹೂವನ್ನು ನೋಡಿದವರಲ್ಲಿ ತಲೆಯೆತ್ತಿ ಮಾಡನ್ನು ನೋಡಿದವರು ಎಷ್ಟು ಮಂದಿ ಎಂದು ಯಾರೂ ಎಣಿಸಿಲ್ಲ. ಆದರೆ ಬೆಟ್ಟದ ಸೀಮೆಯಿಂದ ಹೋದವನಿಗೆ ಅಲ್ಲಿ ಕಲಿಯಲು ಯೋಗ್ಯವಾದದ್ದು ಹೂವಿಗಿಂತ ಹೆಚ್ಚಾಗಿ ಆ ಮಾಡಿನಲ್ಲಿಯೇ ಇದೆ. ಹೂವು ಬೆಳೆಯುವುದು ಚಿಕ್ಕಬಳ್ಳಾಪುರದವರಿಗೆ ಬೇರೆಯವರು ಹೇಳಿಕೊಡಬೇಕಾದ ವಿದ್ಯೆಯೇನೂ ಅಲ್ಲ.

ಆ ಮನೆ ಕಬ್ಬಿಣದ್ದು. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಹಾಕಿದ. ಆಗ ತೋಟದ ಅಧಿಕಾರ ಜಾನ್ ಕ್ಯಾಮರಾನ್ ಕೈಯಲ್ಲಿತ್ತು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅದಕ್ಕೆ ಮಾದರಿ. ಎರಕದ ಕಬ್ಬಿಣದ ಕಂಬ, ಕಮಾನುಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸ್ಯಾರಸೆನ್ ಎರಕಶಾಲೆಯಲ್ಲಿ ತಯಾರಾಗಿ, ಬಿಡಿಬಿಡಿ ಭಾಗಗಳಾಗಿ ಹಡಗೇರಿ ಬಂದು, ಇಲ್ಲಿ ಜೋಡಣೆಗೊಂಡವು. ಮನೆಯನ್ನು ಒಂದು ಕಡೆ ಮಾಡಿ ಇನ್ನೊಂದು ಕಡೆ ನಿಲ್ಲಿಸುವ ವಿದ್ಯೆ ಆಗಿನ ಕಾಲಕ್ಕೆ ಹೊಸದು. ಗಾರೆಯವರಿಲ್ಲ, ಇಟ್ಟಿಗೆಯ ಗೂಡಿಲ್ಲ. ಬೋಲ್ಟು ಬಿಗಿದರೆ ಮನೆ ನಿಂತಿತು.

ಬಿಸಿಲಿನಲ್ಲಿ ಕಬ್ಬಿಣವೂ ಗಾಜೂ ಕಾಯುತ್ತವೆ. ಆದರೂ ಮೇ ತಿಂಗಳ ಮಧ್ಯಾಹ್ನ ಗಾಜಿನ ಮನೆಯ ಕೆಳಗೆ ನಿಂತವನಿಗೆ ಉಸಿರು ಕಟ್ಟುವುದಿಲ್ಲ. ಕಾರಣಗಳು ಸರಳ. ಮಾಡು ಬಹಳ ಎತ್ತರದಲ್ಲಿದೆ. ಕಾದ ಗಾಳಿ ಮೇಲೆಯೇ ಉಳಿಯುತ್ತದೆ. ಪಕ್ಕಗಳು ತೆರೆದಿವೆ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹಾಯುತ್ತದೆ. ಸುತ್ತಲೂ ಶತಮಾನ ಕಂಡ ಮರಗಳಿವೆ. ಜೊತೆಗೆ, ಅದು ಯಾರೂ ಮಲಗಿ ಏಳುವ ಮನೆಯಲ್ಲ. ಗಿಡಗಳಿಗೂ ಪ್ರದರ್ಶನಕ್ಕೂ ಕಟ್ಟಿದ್ದು. ಎತ್ತರ, ಗಾಳಿ, ನೆರಳು ಎಂಬ ಈ ಮೂರನ್ನು ತೆಗೆದುಬಿಟ್ಟು ಲೋಹವೊಂದನ್ನೇ ಉಳಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ನೋಡಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಶಿಡ್ಲಘಟ್ಟದ ಯಾವುದೇ ಹಳ್ಳಿಯ ಅಂಚಿನ ಹೊಸ ಬಡಾವಣೆಯಲ್ಲಿ ಏಪ್ರಿಲ್ ತಿಂಗಳ ಮೂರು ಗಂಟೆಗೆ ಒಂದು ತಗಡಿನ ಮನೆಯ ಬಾಗಿಲಲ್ಲಿ ನಿಂತರೆ ಸಾಕು.

ಲೋಹದ ಮನೆಯನ್ನು ಮನುಷ್ಯ ವಾಸಕ್ಕೆಂದೇ ಕಟ್ಟಿ, ಅದನ್ನೇ ನಾಳಿನ ಮನೆ ಎಂದು ಸಾರಿದ ಪ್ರಸಂಗವೊಂದು ಅಮೆರಿಕದಲ್ಲಿ ನಡೆದಿದೆ. ಅದರ ಕಥೆ ಇಲ್ಲಿಯ ಓದುಗರಿಗೆ ಉಪಯುಕ್ತ. 1931ರಲ್ಲಿ ನ್ಯೂಯಾರ್ಕಿನ ಕಟ್ಟಡ ಸಾಮಗ್ರಿಗಳ ಪ್ರದರ್ಶನವೊಂದರಲ್ಲಿ ಲಾರೆನ್ಸ್ ಕೋಚರ್ ಮತ್ತು ಆಲ್ಬರ್ಟ್ ಫ್ರೇ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಅಲ್ಯುಮಿನಿಯಂ, ಉಕ್ಕು, ಗಾಜುಗಳಿಂದ ಮೂರು ಅಂತಸ್ತಿನ ಮನೆಯೊಂದನ್ನು ನಿಲ್ಲಿಸಿದರು. ಜೋಡಣೆಗೆ ಹಿಡಿದದ್ದು ಕೇವಲ ಹತ್ತು ದಿನ. ಅಲ್ಯುಮಿನೇರ್ ಎಂದು ಅದರ ಹೆಸರು. ಫ್ರೇ ಸ್ವಿಟ್ಜರ್ಲೆಂಡಿನವ, ಮುಂದೆ ಚಂಡೀಗಢವನ್ನು ಯೋಜಿಸಿದ ಲೆ ಕಾರ್ಬೂಸಿಯೆಯ ಬಳಿ ಪ್ಯಾರಿಸಿನಲ್ಲಿ ಕೆಲಸ ಮಾಡಿ ಬಂದವ. ಬಡವರಿಗೂ ಎಟುಕುವ, ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗುವ ಮನೆ ಎಂಬುದು ಇಬ್ಬರ ಆಶಯವಾಗಿತ್ತು. ಲಕ್ಷಕ್ಕೂ ಹೆಚ್ಚು ಜನ ಬಂದು ನೋಡಿದರು. ಎರಡನೆಯ ಅಲ್ಯುಮಿನೇರ್ ಮನೆಯನ್ನು ಮಾತ್ರ ಯಾರೂ ಕಟ್ಟಿಸಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಇನ್ನೊಬ್ಬ ವಾಸ್ತುಶಿಲ್ಪಿ ಅದನ್ನು ಸಾವಿರ ಡಾಲರಿಗೆ ಕೊಂಡು ತನ್ನ ಜಮೀನಿಗೆ ಸಾಗಿಸಿಕೊಂಡ. ದಶಕಗಳ ನಂತರ ಅದು ಕೆಡವುವ ಹಂತಕ್ಕೆ ಬಂದಾಗ ಒಂದು ವಿದ್ಯಾಸಂಸ್ಥೆ ಬಿಚ್ಚಿ ಒಯ್ದು ನಿಲ್ಲಿಸಿತು. 2012ರಲ್ಲಿ ಮತ್ತೆ ಬಿಚ್ಚಲಾಯಿತು. ಕೊನೆಗೆ ದೇಶದ ಇನ್ನೊಂದು ಅಂಚಿಗೆ, ಕ್ಯಾಲಿಫೋರ್ನಿಯಾದ ಮರುಭೂಮಿಯ ಪಾಮ್ ಸ್ಪ್ರಿಂಗ್ಸ್ ಪಟ್ಟಣಕ್ಕೆ ಸಾಗಿ, ಅಲ್ಲಿಯ ಕಲಾ ವಸ್ತುಸಂಗ್ರಹಾಲಯದ ಆವರಣದಲ್ಲಿ 2024ರ ಮಾರ್ಚ್ ತಿಂಗಳಲ್ಲಿ ಜನರ ದರ್ಶನಕ್ಕೆ ನಿಂತಿತು. ಅಲ್ಲಿ ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವೇನಲ್ಲ. ನೋಡಲು ಬಂದವರು ಹೊರಗೆ ನಿಂತು ನೋಡಬೇಕು, ಒಳಗೆ ಪ್ರವೇಶವಿಲ್ಲ. ಎಲ್ಲರ ವಾಸಕ್ಕೆಂದು ಕಲ್ಪಿಸಿದ ಮನೆ ಕೊನೆಗೆ ಯಾರೂ ಒಳಗೆ ಕಾಲಿಡದ ವಿಗ್ರಹವಾಯಿತು. ಆ ಹೊಳೆಯುವ ಗೋಡೆಯ ಮುಂದೆ ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಗನಿಗೆ ಒಳಗಿನ ಸೆಖೆಯ ಅರಿವಾಗಬೇಕಾದ ಪ್ರಮೇಯವೇ ಇಲ್ಲ.

ಫ್ರೇಯ ಬದುಕಿನ ಉತ್ತರಾರ್ಧ ಇದಕ್ಕಿಂತ ಸ್ವಾರಸ್ಯವಾದದ್ದು. ಅವನು ತಾನೇ ಪಾಮ್ ಸ್ಪ್ರಿಂಗ್ಸಿಗೆ ಹೋಗಿ ನೆಲೆಸಿ, 1964ರಲ್ಲಿ ಅಲ್ಲಿಯ ಗುಡ್ಡದ ಬದಿಯಲ್ಲಿ ತನಗೊಂದು ಸಣ್ಣ ಮನೆ ಕಟ್ಟಿಕೊಂಡ. ಅದಕ್ಕೂ ಉಕ್ಕಿನ ಚೌಕಟ್ಟು, ಅಲೆಅಲೆಯಾದ ಲೋಹದ ತಗಡಿನ ಮಾಡು. ಆದರೆ ಕಟ್ಟುವ ಮೊದಲು ಆ ಜಾಗದಲ್ಲಿ ಸೂರ್ಯ ಯಾವ ತಿಂಗಳಲ್ಲಿ ಎಲ್ಲಿಂದ ಬರುತ್ತಾನೆ, ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ಬಹಳ ಕಾಲ ಅಳೆದು ನೋಡಿದ. ಜಾಗದಲ್ಲಿದ್ದ ದೊಡ್ಡ ಬಂಡೆಯನ್ನು ಸಿಡಿಸಲಿಲ್ಲ. ಗಾಜಿನ ಗೋಡೆಯನ್ನೇ ಬಂಡೆಯ ಮೈಗೆ ತಕ್ಕಂತೆ ಕತ್ತರಿಸಿದ. ಬಂಡೆಯ ಅರ್ಧ ಹೊರಗೆ, ಅರ್ಧ ಮನೆಯೊಳಗೆ. ಪ್ರದರ್ಶನದ ಸಭಾಂಗಣದಲ್ಲಿ ಹತ್ತು ದಿನಕ್ಕೆ ಮನೆ ನಿಲ್ಲಿಸಿದ ತರುಣ, ಬೆಟ್ಟದ ಮೇಲೆ ಮನೆ ಕಟ್ಟುವ ವೇಳೆಗೆ ಬಿಸಿಲನ್ನು ಕಾದು ನೋಡುವ ಮುದುಕನಾಗಿದ್ದ. ಮರುಭೂಮಿ ಅವನಿಗೆ ಕಲಿಸಿದ್ದು ಅಷ್ಟನ್ನು.

ಫ್ರಾನ್ಸಿನ ಜ್ಯಾನ್ ಪ್ರೂವೆ ಎಂಬಾತ ಆಫ್ರಿಕಾದ ವಸಾಹತುಗಳಿಗೆಂದು ಮಾಡಿದ ಲೋಹದ ಮನೆಗಳೂ ಇದೇ ಜಾತಿಯವು. 1949ರಲ್ಲಿ ನೈಜರ್ ದೇಶದ ನಿಯಾಮೆಗೆ ಒಂದು, 1951ರಲ್ಲಿ ಕಾಂಗೋದ ಬ್ರಾಝವಿಲ್‌ಗೆ ಎರಡು ಹೋದವು. ಪ್ರೂವೆ ಒಂದು ಮಾಡಿನ ಮೇಲೆ ಇನ್ನೊಂದನ್ನು ಇಟ್ಟು ನಡುವೆ ಗಾಳಿ ಹಾಯುವಂತೆ ಮಾಡಿದ್ದ; ಸುತ್ತ ಜಗಲಿಯಿಟ್ಟು ಬಿಸಿಲಿಗೆ ಮರೆ ಕಟ್ಟಿದ್ದ. ಬುದ್ಧಿ ಚೆನ್ನಾಗಿಯೇ ಇತ್ತು, ಬೆಲೆ ಇಳಿಯಲಿಲ್ಲ. ಮೂರೇ ಮನೆಗಳಿಗೆ ಕೆಲಸ ನಿಂತಿತು. ಮುಂದೆ ಅವುಗಳನ್ನು ಬಿಚ್ಚಿ ಫ್ರಾನ್ಸಿಗೆ ಮರಳಿ ಒಯ್ದರು. 2007ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಮನೆ ಸುಮಾರು 50 ಲಕ್ಷ ಡಾಲರಿಗೆ ಹೋಯಿತು. ಬಿಸಿ ನಾಡಿನವರಿಗೆ ಅಗ್ಗದ ಮನೆ ಎಂದು ಹೊರಟದ್ದು ತಣ್ಣನೆಯ ನಾಡಿನ ಧನಿಕರ ಸಂಗ್ರಹದ ವಸ್ತುವಾಯಿತು.

ಈಗ ಚಿಕ್ಕಬಳ್ಳಾಪುರಕ್ಕೆ ಬರಬಹುದು. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆ ಮರುಭೂಮಿಯಲ್ಲ. ಆದರೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಕೊಳವೆಬಾವಿ ಸಾವಿರ ಅಡಿ ದಾಟಿ ಇಳಿದ ನಾಡು. ಕಣ್ಣು ಹಾಯಿಸಿದಲ್ಲೆಲ್ಲ ಬಂಡೆಯ ಬೆಟ್ಟ: ನಂದಿ, ಸ್ಕಂದಗಿರಿ, ಚನ್ನಗಿರಿ, ಕೈಲಾಸಗಿರಿ, ಆವಲಬೆಟ್ಟ. ಬೇಸಿಗೆಯ ಸೆಖೆಗೆ ಉಳ್ಳವರು ಕಂಡುಕೊಂಡ ಪರಿಹಾರ ಬೆಟ್ಟ ಹತ್ತುವುದಾಗಿತ್ತು. ಟಿಪ್ಪು ನಂದಿಯ ಮೇಲೆ ಬೇಸಿಗೆಯ ಅರಮನೆ ಹೊಂದಿದ್ದ. ಕಮಿಷನರ್ ಕಬ್ಬನ್ ಬಂಗಲೆ ಕಟ್ಟಿಸಿದ. 1927ರಲ್ಲಿ ಗಾಂಧೀಜಿಯವರು ಆರೋಗ್ಯ ಸುಧಾರಿಸಿಕೊಳ್ಳಲು ಬಂದು ತಂಗಿದ್ದೂ ಅಲ್ಲಿಯೇ. 1478 ಮೀಟರ್ ಎತ್ತರದ ತಂಪು ಅದು. ಕೆಳಗಿನ ಹೊಲದಲ್ಲಿ ದುಡಿಯುವವನಿಗೆ ಆ ದಾರಿಯಿರಲಿಲ್ಲ. ಅವನು ಬೆಟ್ಟವನ್ನೇ ಚೂರು ಚೂರಾಗಿ ಊರಿಗೆ ಇಳಿಸಿಕೊಂಡ. ಅದೇ ಚಪ್ಪಡಿಯ ಮನೆ.

ಬಂಡೆಗೆ ಸಾಲಾಗಿ ಕುಳಿ ತೋಡಿ, ಉಳಿ ಬೆಣೆ ಹೊಡೆದು ಸೀಳಿದ ಉದ್ದನೆಯ ಚಪ್ಪಡಿಗಳು ಈ ಸೀಮೆಯ ಮನೆಗಳ ಮಾಡು. ಅದೇ ಕಲ್ಲು ಕಂಬವಾಯಿತು, ಹೊಲದ ಬೇಲಿಗೂ ದ್ರಾಕ್ಷಿಯ ಚಪ್ಪರಕ್ಕೂ ಕಲ್ಲುಕೂಚವಾಯಿತು. ಮಣ್ಣಿನ ದಪ್ಪ ಗೋಡೆ, ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಚೌಳು ಮಣ್ಣು ಅಥವಾ ಸುಣ್ಣದ ಗಾರೆ, ಬೆಳಕಿಗೆ ಗವಾಕ್ಷಿ, ಮುಂದೆ ಜಗಲಿ. ಬೆಳಗಿನ ಬಿಸಿಲು ಈ ಮಾಡನ್ನು ದಾಟಿ ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಇದನ್ನು ಹೊಗಳುವವರು ಅದರ ದೋಷಗಳನ್ನು ಮುಚ್ಚಿಡಬಾರದು. ಹಗಲಿನಲ್ಲಿ ಹೀರಿದ ಕಾವನ್ನು ಕಲ್ಲು ರಾತ್ರಿ ಬಿಟ್ಟುಕೊಡುತ್ತದೆ. ಅದಕ್ಕೆಂದೇ ಬೇಸಿಗೆಯಲ್ಲಿ ಜನ ಜಗಲಿಯ ಮೇಲೆ, ಮಾಳಿಗೆಯ ಮೇಲೆ ಮಲಗುತ್ತಿದ್ದರು. ಒಳಗೆ ಕತ್ತಲೆ, ಅಡಿಗೆಯ ಹೊಗೆ, ಚೇಳಿನ ಭಯ. ಮಳೆಗಾಲಕ್ಕೆ ಮುನ್ನ ಮಣ್ಣನ್ನು ಮತ್ತೆ ಹಾಸಿ ಬಡಿಯದಿದ್ದರೆ ಸೋರುತ್ತದೆ. ಆ ಕೆಲಸ ಬಲ್ಲವರು ಈಗ ಊರಿಗೆ ಒಬ್ಬರೋ ಇಬ್ಬರೋ. ಸಾಲ ಮಾಡಿ ಮನೆ ಕಟ್ಟುವ ತರುಣ ದಂಪತಿಗಳು ತಗಡನ್ನು ಆರಿಸಿಕೊಂಡರೆ ಅವರಿಗೆ ಪರಂಪರೆಯ ಪಾಠ ಹೇಳುವ ಅಧಿಕಾರ ತಾರಸಿಯ ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತವರಿಗೆ ಇಲ್ಲ. ತಗಡು ಹಗುರ, ಒಂದೇ ದಿನದಲ್ಲಿ ಏರುತ್ತದೆ, ಸೋರುವುದಿಲ್ಲ, ಬೇಡವಾದಾಗ ಬಿಚ್ಚಿ ಮಾರಬಹುದು. ಕೋಚರ್ ಮತ್ತು ಫ್ರೇ 1931ರಲ್ಲಿ ಹೇಳಿದ ಗುಣಗಳೆಲ್ಲ ಇವೇ.

ಆದರೆ ಅರ್ಧ ಮಿಲಿಮೀಟರ್ ದಪ್ಪದ ತಗಡು ಬಿಸಿಲನ್ನು ತಡೆಯುವುದಿಲ್ಲ, ಕೆಳಗೆ ದಾಟಿಸುತ್ತದೆ. ನಡುಮಧ್ಯಾಹ್ನ ಅದರ ಮೈ 60 ಡಿಗ್ರಿ ದಾಟುತ್ತದೆ. ಕೆಳಗೆ ಕುಳಿತವನ ತಲೆಗೂ ಅದಕ್ಕೂ ಏಳೆಂಟು ಅಡಿ ಅಂತರ. ಹೊಸ ತಗಡು ಹೊಳೆಯುವಷ್ಟು ಕಾಲ ಒಂದಿಷ್ಟು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಧೂಳು ಕೂತು ತುಕ್ಕು ಹಿಡಿದ ಮೇಲೆ ಆ ಗುಣವೂ ಹೋಗುತ್ತದೆ. ಹೊರಗೆ 35 ಡಿಗ್ರಿ ಇರುವಾಗ ಒಳಗೆ ಅದಕ್ಕಿಂತ ಹೆಚ್ಚಿರುತ್ತದೆ. ಮನೆ ಎಂಬುದು ಬಿಸಿಲಿನಿಂದ ಒಳಗೆ ಓಡಿಬರುವ ಜಾಗವೆಂದು ತಿಳಿದವರು, ಮಧ್ಯಾಹ್ನವಾದರೆ ಮನೆಯಿಂದ ಹೊರಗೆ ಓಡಿ ಹುಣಸೆಮರದ ಅಡಿ ಕುಳಿತುಕೊಳ್ಳುವ ಕಾಲ ಬಂದಿದೆ. ಮರವಿರುವ ಊರಿನವರ ಮಾತಾಯಿತು ಇದು; ಹೊಸ ಬಡಾವಣೆಗಳಲ್ಲಿ ಅದೂ ಇಲ್ಲ. ಸಿಮೆಂಟ್ ಶೀಟು ಎಂದು ಜನ ಕರೆಯುವ ಆಸ್ಬೆಸ್ಟಾಸ್ ಹಾಳೆಯ ಕಥೆ ಬೇರೆ. ಅದನ್ನು ಕೊಯ್ಯುವಾಗ, ಒಡೆದಾಗ ಏಳುವ ನಾರು ಶ್ವಾಸಕೋಶಕ್ಕೆ ಹೋಗಿ ಕ್ಯಾನ್ಸರಿಗೆ ಕಾರಣವಾಗುತ್ತದೆ. ಅದನ್ನು ತಗಡಿನ ಬದಲಿಗೆ ಯಾರೂ ಸೂಚಿಸದಿರುವುದು ಒಳ್ಳೆಯದು.

ಈ ವಿಚಾರವನ್ನು ಅತ್ಯಂತ ಸ್ಪಷ್ಟವಾಗಿ ತಿಳಿಸಬಲ್ಲ ಜೀವಿ ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಮನೆಮನೆಯಲ್ಲಿದೆ: ರೇಷ್ಮೆ ಹುಳು. ಹುಳುವಿಗೆ ಬೇಕಾದ ಹವೆಯ ಲೆಕ್ಕ ರೈತನಿಗೆ ಬಾಯಿಪಾಠ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ, ಶೇಕಡಾ 80ರಿಂದ 90ರಷ್ಟು ತೇವ. ಬೆಳೆದ ಹುಳುವಿಗೆ 24ರ ಆಸುಪಾಸು, ಶೇಕಡಾ 70ರಷ್ಟು ತೇವ. ಸೆಖೆ ಏರಿದರೆ ಹುಳು ಸೊಪ್ಪು ಬಿಡುತ್ತದೆ. ಜ್ವರದಿಂದ ಏಳುವುದು ತಡವಾಗುತ್ತದೆ. ಹಾಲುತೊಂಡೆ, ಸಪ್ಪೆರೋಗಗಳು ತಲೆಯೆತ್ತುತ್ತವೆ. ಚಂದ್ರಿಕೆಗೆ ಏರಿದ ಹುಳು ಗೂಡು ಕಟ್ಟದೆ ಉದುರುತ್ತದೆ. ಮಿಶ್ರತಳಿಯ ಹುಳು ಒಂದಿಷ್ಟು ಸಹಿಸೀತು, ದ್ವಿತಳಿಯದು ಸಹಿಸದು. ಒಂದು ಬೆಳೆ ಹೋದರೆ ಸೊಪ್ಪಿಗೆ, ಆಳಿಗೆ, ಮೊಟ್ಟೆಗೆ ಹಾಕಿದ ಹಣ ಹೋಯಿತು. ಗೂಡಿನ ಮಾರುಕಟ್ಟೆಗೆ ಹೋಗುವ ಬದಲು ಸಾಲಗಾರನ ಬಾಗಿಲಿಗೆ ಹೋಗಬೇಕು.

ಆದ್ದರಿಂದ ಹುಳುವಿನ ಮನೆಯ ಗೋಡೆಯ ಮೇಲೆ ಉಷ್ಣಮಾಪಕ ತೂಗುತ್ತದೆ. ಮಾಡು ತಗಡಿನದಾದರೆ ರೈತ ಅದರ ಮೇಲೆ ತೆಂಗಿನ ಗರಿ, ಹುಲ್ಲು ಹೊದಿಸುತ್ತಾನೆ, ಸುಣ್ಣ ಬಳಿಯುತ್ತಾನೆ, ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾನೆ, ಗೋಡೆಯ ಮೇಲ್ಭಾಗದಲ್ಲಿ ಬಿಸಿಗಾಳಿ ಹೋಗಲು ಕಿಂಡಿ ಬಿಡುತ್ತಾನೆ. ಮಧ್ಯಾಹ್ನದಲ್ಲಿ ಗೋಣಿ ಒಣಗಿತೇ ಎಂದು ನೋಡಿ ನೀರು ಚಿಮುಕಿಸುವ ಕೆಲಸ ಬಹುತೇಕ ಮನೆಯ ಹೆಂಗಸರದು. ಇಷ್ಟೆಲ್ಲ ಮಾಡಿ ಆಕೆ ಪಕ್ಕದ ವಾಸದ ಮನೆಗೆ ಹಿಂದಿರುಗುತ್ತಾಳೆ. ಅಲ್ಲಿಯೂ ಅದೇ ತಗಡು. ಅಲ್ಲಿ ಗರಿಯಿಲ್ಲ, ಗೋಣಿಯಿಲ್ಲ, ಕಿಂಡಿಯಿಲ್ಲ. ಮಂಚದ ಮೇಲೆ ಅತ್ತೆ ಮಲಗಿದ್ದಾಳೆ, ತೊಟ್ಟಿಲಲ್ಲಿ ಕೂಸು ಬೆವರುತ್ತಿದೆ. ಗೋಡೆಯ ಮೇಲೆ ದೇವರ ಪಟವಿದೆ, ಕ್ಯಾಲೆಂಡರ್ ಇದೆ, ಉಷ್ಣಮಾಪಕವಿಲ್ಲ. ಹುಳುವಿಗೆ 28 ಡಿಗ್ರಿ ದಾಟಿದರೆ ಗಾಬರಿಗೊಳ್ಳುವ ಮನೆಯಲ್ಲಿ ಮನುಷ್ಯರಿಗೆ ಎಷ್ಟು ಡಿಗ್ರಿಯಾಯಿತೆಂದು ಯಾರೂ ಕೇಳುವುದಿಲ್ಲ.

ಇದು ರೈತನ ನಿಷ್ಕರುಣೆಯಲ್ಲ. ಹುಳು ಸತ್ತರೆ ನಷ್ಟ ಲೆಕ್ಕಕ್ಕೆ ಸಿಗುತ್ತದೆ; ರಾತ್ರಿಯಿಡೀ ನಿದ್ದೆಗೆಟ್ಟ ಮುದುಕಿಯ ನಷ್ಟ ಯಾವ ಲೆಕ್ಕಕ್ಕೂ ಸಿಗದು. ಹಿಂದೆ ಸ್ಥಿತಿ ಬೇರೆಯಿತ್ತು. ಹುಳುವನ್ನು ವಾಸದ ಮನೆಯಲ್ಲಿಯೇ ಬಿದಿರಿನ ತಟ್ಟೆಗಳಲ್ಲಿ ಸಾಕುತ್ತಿದ್ದರು. ಹುಳುವಿಗೆ ತಂಪಾಗಿದ್ದ ಪಡಸಾಲೆ ಮನುಷ್ಯರಿಗೂ ತಂಪಾಗಿತ್ತು. ರೋಗ ತಡೆಯಲೆಂದು, ರೆಂಬೆಯ ಪದ್ಧತಿಗೆ ವಿಶಾಲವಾದ ಜಾಗ ಬೇಕೆಂದು ಹುಳುವಿನ ಮನೆ ಬೇರೆಯಾಯಿತು. ಅದು ಸರಿಯಾದ ಹೆಜ್ಜೆಯೇ. ಆದರೆ ಹುಳು ಮನೆಯಿಂದ ಹೊರಟಾಗ ಮನೆಯ ಹವೆಯನ್ನು ಕುರಿತ ಎಚ್ಚರವೂ ಅದರ ಜೊತೆಯಲ್ಲಿ ಹೊರಟುಹೋಯಿತು. ಇಲಾಖೆಯ ನಕ್ಷೆ, ಸಹಾಯಧನ, ತಜ್ಞರ ಸಲಹೆಗಳು ಹುಳುವಿನ ಮನೆಗೆ ಒದಗಿದವು. ವಾಸದ ಮನೆಗೆ ಒದಗಿದ್ದು ಮೊತ್ತ ಮಾತ್ರ: ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ 2016ರಲ್ಲಿ ಬಯಲು ಪ್ರದೇಶದ ಮನೆಗೆ ನಿಗದಿ ಮಾಡಿದ್ದು 1 ಲಕ್ಷ 20 ಸಾವಿರ ರೂಪಾಯಿ. ಅಷ್ಟರಲ್ಲಿ ಗೋಡೆ ಏಳುವ ಹೊತ್ತಿಗೆ ಕೈ ಬರಿದಾಗಿರುತ್ತದೆ. ಮಾಡಿಗೆ ಉಳಿಯುವುದು ತಗಡೇ.

ಸರ್ಕಾರದ ಎಣಿಕೆಯ ಭಾಷೆಯೂ ಇದಕ್ಕೆ ಕುಮ್ಮಕ್ಕು. 2011ರ ಜನಗಣತಿ ಮನೆಗಳನ್ನು ಶಾಶ್ವತ, ಅರೆ ಶಾಶ್ವತ, ತಾತ್ಕಾಲಿಕ ಎಂದು ವಿಂಗಡಿಸಿತು. ಅದರ ಪ್ರಕಾರ ಲೋಹದ ತಗಡು ಗೋಡೆಗೂ ಮಾಡಿಗೂ ಶಾಶ್ವತ ವಸ್ತು. ಮಣ್ಣು, ಹಸಿ ಇಟ್ಟಿಗೆ ತಾತ್ಕಾಲಿಕ ವಸ್ತು. ಅಂದರೆ ನಾಲ್ಕು ಕಡೆಗೂ ಮೇಲಕ್ಕೂ ತಗಡು ಬಡಿದ ಪೆಟ್ಟಿಗೆಯಂಥ ಗುಡಿಸಲು ಶಾಶ್ವತ ಮನೆ. ಮೂರು ತಲೆಮಾರು ಬಾಳಿದ, ಮಣ್ಣಿನ ಗೋಡೆ ಚಪ್ಪಡಿ ಮಾಡಿನ ಮನೆ ಅರೆ ಶಾಶ್ವತ. ಬಿಸಿಲು, ಗಾಳಿ, ಬೆಳಕು ಈ ವಿಂಗಡಣೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಹೀಗಾಗಿ ಕಾಗದದ ಮೇಲೆ ಮನೆಗಳ ಸ್ಥಿತಿ ಸುಧಾರಿಸಿದಂತೆ ಕಾಣುತ್ತದೆ.

ತಗಡು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಬೆಟ್ಟದ ಜನರಿಗೆ ಮುಖ್ಯ, ಏಕೆಂದರೆ ಅದು ಬರುವುದು ಬೆಟ್ಟದಿಂದಲೇ. ಚಿಕ್ಕಬಳ್ಳಾಪುರದ ಮಗ್ಗುಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ರೂಪಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಅದಿರು ಬಂದದ್ದು ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಕುಲುಮೆಗೆ ಉರುವಲಾಗಿ ಉರಿದದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡನ್ನು ಸುಟ್ಟು ಮಾಡಿದ ಇದ್ದಿಲು. ಮೈಸೂರು ಸಂಸ್ಥಾನ ಆ ಕಾರ್ಖಾನೆಯ ಬಗ್ಗೆ ಪಟ್ಟ ಹೆಮ್ಮೆ ಅನ್ಯಾಯದ್ದಲ್ಲ, ಆದರೆ ಮರಗಳ ಲೆಕ್ಕವನ್ನು ಆ ಹೆಮ್ಮೆಯ ಪುಟದಲ್ಲಿ ಬರೆಯುವವರಿರಲಿಲ್ಲ. ಆಮೇಲೆ ಕುದುರೆಮುಖ. 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಭದ್ರಾ ನದಿಯ ಮೂಲದ ಗುಡ್ಡಗಳನ್ನು ಕೊರೆದು, ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿತು. ಜನರ ಹೋರಾಟ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿ, 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಅಲ್ಯುಮಿನಿಯಂ ಮಾತೂ ಇದೇ. ಒಡಿಶಾದ ನಿಯಮಗಿರಿಯ ಬಾಕ್ಸೈಟಿಗಾಗಿ ಬೆಟ್ಟ ಅಗೆಯುವುದನ್ನು 2013ರಲ್ಲಿ ಅಲ್ಲಿಯ 12 ಗ್ರಾಮಸಭೆಗಳು ಒಕ್ಕೊರಲಿನಿಂದ ತಿರಸ್ಕರಿಸಿದವು. ಇಷ್ಟು ಬೆಲೆ ತೆತ್ತು ಬಂದ ಲೋಹವನ್ನು ತಲೆಯ ಮೇಲೆ ಬೆಂಕಿಯಾಗುವಂತೆ ಹಾಸಿಕೊಳ್ಳುವುದು ಎರಡು ಪಟ್ಟು ನಷ್ಟ.

ಹಾಗೆಂದು ಕಲ್ಲಿಗೆ ಮರಳಿ ಎನ್ನುವುದೂ ಸುಲಭದ ಮಾತಲ್ಲ. ಉಳಿ ಬೆಣೆಯಿಂದ ಚಪ್ಪಡಿ ಸೀಳುತ್ತಿದ್ದ ಕಾಲ ಮುಗಿದು ಸಿಡಿಮದ್ದಿನ ಕಾಲ ಬಂದಿದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಸತ್ತದ್ದನ್ನು ಜಿಲ್ಲೆ ಮರೆತಿರಲಾರದು. ಈಗ ಬೆಟ್ಟದಿಂದ ಇಳಿಯುತ್ತಿರುವ ಕಲ್ಲು ಬಹುಪಾಲು ಊರಿನ ಮನೆಗಲ್ಲ, ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಮಹಾನಗರಕ್ಕೆ ಹೋಗುತ್ತಿದೆ. ಇದ್ದ ಚಪ್ಪಡಿ ಮನೆಯನ್ನು ಉಳಿಸಿಕೊಳ್ಳುವುದು ಒಂದು ಮಾತು. ಹೊಸ ಬಂಡೆಯನ್ನು ಒಡೆಯುವುದು ಬೇರೆಯೇ ಮಾತು. ಹಳೆಯ ಮನೆ ಕೆಡವಿ ಚಪ್ಪಡಿಗಳನ್ನು ಚರಂಡಿಯ ಮೇಲೆ ಹಾಸುವ ಈಗಿನ ರೂಢಿಯಂತೂ ತೀರ ಅವಿವೇಕದ್ದು. ಆ ಚಪ್ಪಡಿಗಳು ಮತ್ತೊಂದು ಮನೆಗೆ ಮಾಡಾಗಬಲ್ಲವು.

ಬೇಕಾದ ವಿದ್ಯೆ ದೂರವೇನಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ಅಸ್ತ್ರ ಎಂಬ ಕೇಂದ್ರ ಹಳ್ಳಿಗಳಿಗೆಂದೇ, ಸುಡದೆ ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದಿತು. ಅದೇ ಸಂಸ್ಥೆಯ ಕೆಲವು ಕಟ್ಟಡಗಳನ್ನು ರೂಪಿಸಿದವನು ಓಟೋ ಕೋನಿಗ್ಸ್‌ಬರ್ಗರ್. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದು 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದವ. ಆಧುನಿಕ ಕಟ್ಟಡದ ಪಾಠ ಕಲಿತು ಬಂದಿದ್ದರೂ ಇಲ್ಲಿ ಅವನು ಮೊದಲು ಕಲಿತದ್ದು ಬಿಸಿಲು, ಮಳೆ, ಗಾಳಿಗಳ ಪಾಠ. ದೇಶ ವಿಭಜನೆಯ ನಂತರ ದೆಹಲಿಯಲ್ಲಿ ಕಾರ್ಖಾನೆಯಿಂದ ಮನೆಗಳನ್ನು ಹೊರತೆಗೆಯುವ ಸರ್ಕಾರಿ ಪ್ರಯತ್ನಕ್ಕೆ ಅವನೇ ಮುಂದಾಳಾಗಿದ್ದ, ಅದು ಸೋತಿತು. ಲಂಡನ್ನಿಗೆ ಹೋದ ಮೇಲೆ ಬಿಸಿ ನಾಡುಗಳ ಮಾಡುಗಳನ್ನೇ ವಿಷಯವಾಗಿಟ್ಟುಕೊಂಡು 1965ರಲ್ಲಿ ಪುಸ್ತಕ ಬರೆದ. 1974ರಲ್ಲಿ ಬಂದ ಅವನ ಕೈಪಿಡಿಯನ್ನು ಬಿಸಿ ನಾಡುಗಳ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಮೈಸೂರಿನ ಬಿಸಿಲಿನಲ್ಲಿ ಹುಟ್ಟಿದ ತಿಳಿವಳಿಕೆ ಲೋಕವನ್ನೆಲ್ಲ ಸುತ್ತಿ ಚಿಕ್ಕಬಳ್ಳಾಪುರದ ವಸತಿ ಯೋಜನೆಯ ಕಡತಕ್ಕೆ ಮಾತ್ರ ಬರಲಿಲ್ಲ.

ನೆರೆಯ ತೆಲಂಗಾಣ ರಾಜ್ಯ 2023ರಲ್ಲಿ ತಂಪು ಮಾಡಿನ ನೀತಿಯೊಂದನ್ನು ಪ್ರಕಟಿಸಿತು. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿಯ ಲೇಪ, ಹಂಚು ಮೊದಲಾದವನ್ನು ಮನೆಗಳಿಗೆ ತರುವುದು ಅದರ ಉದ್ದೇಶ. ಅಹಮದಾಬಾದ್ ನಗರ 2013ರಷ್ಟು ಹಿಂದೆಯೇ ಬಿಸಿಗಾಳಿಯನ್ನು ಎದುರಿಸುವ ಯೋಜನೆ ಮಾಡಿಕೊಂಡು, ಮುಂದೆ ಬಡವರ ಮಾಡುಗಳಿಗೆ ಸುಣ್ಣ ಬಳಿಸಿತು. ಸುಣ್ಣ ಬಳಿಯುವುದು, ತಗಡಿನ ಕೆಳಗೆ ಒಂದು ಅಡಿ ಬಿಟ್ಟು ಬಿದಿರು ತಟ್ಟಿಯದೋ ಚಾಪೆಯದೋ ಇನ್ನೊಂದು ಪದರ ಕಟ್ಟುವುದು, ಎರಡರ ನಡುವಿನ ಬಿಸಿಗಾಳಿ ಹೊರಹೋಗಲು ಎರಡೂ ತುದಿಯಲ್ಲಿ ಕಿಂಡಿ ಬಿಡುವುದು, ಪಡುವಣದ ಗೋಡೆಯ ಮೇಲೆ ಸೀಮೆಬದನೆಯದೋ ಅವರೆಯದೋ ಚಪ್ಪರ ಹಬ್ಬಿಸುವುದು: ಇವು ಯಾವುವೂ ಪ್ರೂವೆಯಿಂದ ಕಲಿಯಬೇಕಾದವಲ್ಲ. ಹುಳುವಿನ ಮನೆಯಲ್ಲಿ ಮಾಡಿ ಪಳಗಿದ ಕೈಗಳೇ ವಾಸದ ಮನೆಯಲ್ಲಿಯೂ ಮಾಡಬಹುದು. ತಗಡಿನ ಮನೆಗೆ ಮಂಜೂರಾತಿ ಕೊಡುವ ವಸತಿ ಯೋಜನೆ ಈ ಎರಡನೆಯ ಪದರಕ್ಕೂ ಹಣ ಸೇರಿಸಿ ಕೊಡಬೇಕು. ಚಪ್ಪಡಿಯ ಹಳೆಯ ಮನೆಯನ್ನು ದುರಸ್ತಿ ಮಾಡಿಕೊಳ್ಳುವವನಿಗೂ ಹೊಸ ಮನೆ ಕಟ್ಟುವವನಷ್ಟೇ ನೆರವು ಸಿಗಬೇಕು. ಎಣಿಕೆಗೆ ಬರುವವರು ಮಾಡು ಯಾವುದರದ್ದು ಎಂದು ಕೇಳುವುದರ ಜೊತೆಗೆ ಮಧ್ಯಾಹ್ನದಲ್ಲಿ ಒಳಗೆ ಕೂರಲು ಆಗುತ್ತದೆಯೇ ಎಂದೂ ಕೇಳಬೇಕು.

ಈ ಬೇಡಿಕೆಗಳನ್ನು ಬರಿಗೈಯಲ್ಲಿ ಒಯ್ದರೆ ಯಾರೂ ಕಿವಿಗೊಡುವುದಿಲ್ಲ. ಅದಕ್ಕೆ ಬೇಕಾದ ಸಾಕ್ಷಿಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೇ ಕೂಡಿಹಾಕಬಹುದು. ಹುಳುವಿನ ಮನೆಯಲ್ಲಿ ತೂಗುವಂಥದ್ದೇ ಉಷ್ಣಮಾಪಕ ಸಾಕು. ಊರಿನ ಒಂದು ಚಪ್ಪಡಿ ಮನೆ, ಒಂದು ಬರಿಯ ತಗಡಿನ ಮನೆ, ಗರಿ ಹೊದಿಸಿದ ಅಥವಾ ಸುಣ್ಣ ಬಳಿದ ಒಂದು ತಗಡಿನ ಮನೆ, ಒಂದು ಹುಳುವಿನ ಮನೆ, ಒಂದು ಹುಣಸೆಮರದ ನೆರಳು ಆರಿಸಿಕೊಳ್ಳಬೇಕು. ಮಾರ್ಚಿಯಿಂದ ಮೇ ಕೊನೆಯವರೆಗೆ ದಿನವೂ ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಒಂಬತ್ತಕ್ಕೆ ಮಂಚದ ಎತ್ತರದಲ್ಲಿ, ಗೋಡೆಗೆ ತಾಗದಂತೆ ತೂಗಿಸಿ ಅಳೆಯಬೇಕು. ಬಿಸಿಲಿತ್ತೇ, ಮೋಡವಿತ್ತೇ ಎಂದು ಪಕ್ಕದಲ್ಲಿ ಬರೆಯಬೇಕು. ರಾತ್ರಿಯ ಅಂಕಿಯಲ್ಲಿ ಚಪ್ಪಡಿ ಮನೆ ತಗಡಿನ ಮನೆಗೆ ಸೋತರೂ ಸೋಲಬಹುದು; ಹಾಗಾದರೆ ಹಾಗೆಯೇ ಬರೆಯಬೇಕು. ಮಳೆ ಹಿಡಿದ ಮೇಲೆ ಆ ಪುಸ್ತಕವನ್ನು ಮುಂದಿನ ಗ್ರಾಮಸಭೆಯಲ್ಲಿ, ವಸತಿ ಫಲಾನುಭವಿಗಳ ಪಟ್ಟಿ ಓದುವ ದಿನ, ಅಧ್ಯಕ್ಷರ ಮೇಜಿನ ಮೇಲೆ ಇಟ್ಟು ನಡಾವಳಿಯಲ್ಲಿ ದಾಖಲಿಸುವಂತೆ ಕೇಳಬೇಕು.